ಅರಕಲಗೂಡಿನ ಗೋಡೆಗೆ ಹಾಸನದ ಹಾಳೆ

ಹಾಳೆಯ ಕೆಳಗಿನ ಬಲಮೂಲೆ ಇಲ್ಲ. ಹೆಬ್ಬೆರಳಿನಷ್ಟು ಅಗಲದ ಆ ಚೂರು ಅರಕಲಗೂಡಿನ ಒಂದು ಗೋಡೆಯ ಮೇಲೆ ಉಳಿದುಕೊಂಡಿತು. ಮಿಕ್ಕ ಹಾಳೆ ನನ್ನ ಹತ್ತಿರ ಇದೆ. ಹಿಂಬದಿಯಲ್ಲಿ ಮೈದಾ ಅಂಟು ಒಣಗಿ, ಕಾಗದ ಹಪ್ಪಳದಂತೆ ಸೆಟೆದುಕೊಂಡಿದೆ. ಮೂಗಿನ ಹತ್ತಿರ ಹಿಡಿದರೆ ಈಗಲೂ ಸಣ್ಣಗೆ ಹುಳಿ ವಾಸನೆ.

ಹೋದ ವಾರ ಬೇರೇನನ್ನೋ ಹುಡುಕುತ್ತಿದ್ದಾಗ ಇದು ಕೈಗೆ ಬಂತು. ನಾನು ಹಾಸನದ ಒಂದು ನರ್ಸಿಂಗ್ ಹೋಮಿನ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುತ್ತೇನೆ. ಅದರ ಯಜಮಾನಿ ಡಾಕ್ಟರಮ್ಮ ಅರಕಲಗೂಡಿನಲ್ಲಿ ಹನ್ನೆರಡು ಹಾಸಿಗೆಯ ಇನ್ನೊಂದು ಆಸ್ಪತ್ರೆ ತೆರೆಯುತ್ತಿದ್ದಾರೆ. ಅಲ್ಲಿ ಗುಡಿಸಿ ಒರೆಸುವುದಕ್ಕೆ ಆರು ಜನ ಬೇಕು. ಅವರಿಗೆ ಎಷ್ಟು ಕೊಡಬೇಕೆಂದು ಬರೆದುಕೊಡುವ ಕೆಲಸ ನನ್ನದು. ಹಳೆಯ ನಮೂನೆ ಸಿಗಬಹುದೆಂದು ನನ್ನ ಹಿಂದಿನ ಕೆಲಸದ ಫೈಲು ಬಿಚ್ಚಿದೆ. ಸಿಕ್ಕಿದ್ದು ಈ ಮೂಲೆಹರಿದ ಹಾಳೆ.

ಕನಿಷ್ಠ ವೇತನದ ವಿಷಯ ನಿಮಗೆ ಗೊತ್ತಿರಬಹುದು. ನನಗೆ ಎಂ.ಕಾಂ. ಮುಗಿಯುವವರೆಗೆ ಪರೀಕ್ಷೆಗೆ ಬೇಕಾದಷ್ಟೇ ಗೊತ್ತಿತ್ತು. ಸರ್ಕಾರ ಊರುಗಳನ್ನು ವಲಯಗಳಾಗಿ ಹಂಚುತ್ತದೆ. ಬೆಂಗಳೂರಿಗೆ ಒಂದು ದರ, ಜಿಲ್ಲಾ ಕೇಂದ್ರಗಳಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, ತಾಲ್ಲೂಕುಗಳಿಗೆ ಇನ್ನೂ ಸ್ವಲ್ಪ ಕಡಿಮೆ. ರಾಜ್ಯದ ಗಡಿ ದಾಟಿದರೆ ಪಟ್ಟಿಯೇ ಬೇರೆ. ಗಡಿಯಾಚೆ ಹೊಸೂರಿನಲ್ಲಿರುವ ನಮ್ಮ ಚಿಕ್ಕಪ್ಪ ಪ್ರತಿ ಸಲ ಬಂದಾಗಲೂ, ಒಂದೇ ರಸ್ತೆಯಲ್ಲಿ ಚೆಕ್‌ಪೋಸ್ಟಿನ ಆಚೆ ಈಚೆ ಎರಡು ಕೂಲಿ ಎಂದು ಆಶ್ಚರ್ಯಪಡುತ್ತಾರೆ. ಪ್ರತಿ ಸಲವೂ ಹೊಸದಾಗಿ. ಏಪ್ರಿಲ್ ಬಂತೆಂದರೆ ತುಟ್ಟಿಭತ್ಯೆ ಸೇರಿ ಅಂಕಿಗಳು ಬದಲಾಗುತ್ತವೆ. ಹಾಲಿನ ಪ್ಯಾಕೆಟ್ಟಿಗೆ ಮಾತ್ರ ಈ ವಲಯಗಳ ತಿಳಿವಳಿಕೆಯಿಲ್ಲ. ಹಾಸನದಲ್ಲೂ ಅರಕಲಗೂಡಿನಲ್ಲೂ ಅದು ಒಂದೇ ಬೆಲೆಗೆ ಸಿಗುತ್ತದೆ.

ಐದು ವರ್ಷದ ಹಿಂದೆ, ಮೈಸೂರಿನಲ್ಲಿ ಓದು ಮುಗಿಸಿ ಹೊಳೆನರಸೀಪುರದ ಮನೆಗೆ ಬಂದವಳು, ಹಾಸನದ ಒಬ್ಬ ಕನ್ಸಲ್ಟೆಂಟರ ಹತ್ತಿರ ಕೆಲಸಕ್ಕೆ ಸೇರಿದೆ. ಸಣ್ಣ ಕಾರ್ಖಾನೆಗಳ ಹಾಜರಿ, ಪಿ.ಎಫ್., ಸಂಬಳದ ರಿಜಿಸ್ಟರುಗಳನ್ನು ಅವರು ನೋಡಿಕೊಳ್ಳುತ್ತಿದ್ದರು. ಶಾಲೆಯ ಸಮವಸ್ತ್ರ ಹೊಲಿಸುವ ಒಬ್ಬ ಮಾಲೀಕರಿಗೆ ಹಾಸನದಲ್ಲಿ ಒಂದು ದೊಡ್ಡ ಶೆಡ್ಡು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದೊಂದು ಚಿಕ್ಕ ಶೆಡ್ಡು ಇದ್ದವು. ಏಪ್ರಿಲ್‌ನಲ್ಲಿ ಹೊಸ ದರದ ಹಾಳೆಯನ್ನು ಕೆಲಸದವರಿಗೆ ಕಾಣುವ ಹಾಗೆ ಗೋಡೆಗೆ ಅಂಟಿಸಬೇಕು. ಹಳೆಯದನ್ನು ಯಾರೂ ಕೀಳುತ್ತಿರಲಿಲ್ಲ, ಅದರ ಮೇಲೆಯೇ ಹೊಸದು. ವರ್ಷಗಟ್ಟಲೆ ಒಂದರ ಮೇಲೊಂದು ಕೂತು ಆ ಜಾಗ ಹಲಗೆಯಷ್ಟು ದಪ್ಪವಾಗಿರುತ್ತಿತ್ತು.

ಅಂಟಿಸುವ ಕೆಲಸ ನನಗೆ ಬಂತು. ಗಮ್ ಬಾಟಲಿಯ ಅಂಟು ಆ ಒರಟು ಗೋಡೆಗೆ ನಿಲ್ಲುವುದಿಲ್ಲವೆಂದು ಆಫೀಸಿನ ಹಳಬರು ಹೇಳಿದ್ದರಿಂದ ಮನೆಯಲ್ಲೇ ಮೈದಾ ಕಾಯಿಸಿದೆ. ಗಂಟಿಲ್ಲದಂತೆ ಕಾಯಿಸಿದೆನೆಂಬ ಹೆಮ್ಮೆಯೂ ಇತ್ತು.

“ಎಂ.ಕಾಂ. ಓದಿಸಿದ್ದು ಗೋಡೆಗೆ ಪೇಪರ್ ಅಂಟ್ಸೋಕಾ?” ಎಂದರು ಅಮ್ಮ, ಮೈದಾ ಹತ್ತಿದ ಪಾತ್ರೆಯ ತಳ ನೋಡುತ್ತಾ.

ಅಪ್ಪ ನಿವೃತ್ತ ಮೇಷ್ಟ್ರು. ಪೇಪರಿನಿಂದ ತಲೆಯೆತ್ತದೆ, “ಅಂಟ್ಸಲಿ ಬಿಡೆ. ಗೋಡೆ ಓದೋರೂ ಇರ್ತಾರೆ,” ಎಂದರು.

ಇರುತ್ತಾರೆಂದು ನಾನು ನಂಬಲಿಲ್ಲ. ಸಣ್ಣ ಅಕ್ಷರ, ಸರ್ಕಾರಿ ಭಾಷೆ. ಕಾಯಿದೆಯ ಶಾಸ್ತ್ರಕ್ಕೆ ಅಂಟಿಸುವುದು ಅಷ್ಟೇ ಎಂದುಕೊಂಡಿದ್ದೆ. ನನ್ನ ಕಾಳಜಿಯೆಲ್ಲ ಹಾಳೆ ಓರೆಯಾಗಬಾರದೆಂಬುದರ ಮೇಲೆ. ಬ್ಯಾಗಿನಲ್ಲಿ ಸ್ಕೇಲು ಇಟ್ಟುಕೊಂಡು ಹೋಗಿದ್ದೆನೆಂದರೆ ನೀವು ನಗಬಹುದು. ನಗಿ.

ಒಟ್ಟು ಐದು ಹಾಳೆ. ಹಾಸನದ ಶೆಡ್ಡಿಗೆ ಬಾಗಿಲ ಬಳಿ ಒಂದು, ಊಟದ ಕೋಣೆಯಲ್ಲಿ ಒಂದು. ಮಿಕ್ಕ ಊರುಗಳಿಗೆ ಒಂದೊಂದು. ನೋಡುವುದಕ್ಕೆ ಎಲ್ಲವೂ ಒಂದೇ ಥರ. ತಲೆಬರಹದಲ್ಲಿ ಊರಿನ ಹೆಸರು, ಕೆಳಗೆ ಅಂಕಿಗಳು, ಅಷ್ಟೇ ವ್ಯತ್ಯಾಸ. ಅಂಟು ಹಚ್ಚಬೇಕಾದರೆ ಹಾಳೆಯನ್ನು ಬೋರಲು ಹಾಕಬೇಕಲ್ಲ, ನಾನು ಐದನ್ನೂ ಬೋರಲಾಗಿಯೇ ಜೋಡಿಸಿಟ್ಟುಕೊಂಡಿದ್ದೆ. ಅರಕಲಗೂಡಿನಲ್ಲಿ ಮೇಲಿನದನ್ನು ತೆಗೆದು, ಅಂಟು ಹಚ್ಚಿ, ಸ್ಕೇಲಿಟ್ಟು, ನಾಲ್ಕು ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನೆಟ್ಟಗಿತ್ತು. ಹಾಸನದ ಬಸ್ಸು ಹೊರಟುಹೋದೀತೆಂದು ಓಡಿದೆ.

ಸಂಜೆ ಹಾಸನದ ಶೆಡ್ಡಿನ ಊಟದ ಕೋಣೆಯಲ್ಲಿ ಕೊನೆಯ ಹಾಳೆ ತಿರುಗಿಸಿದರೆ, ಅದರ ಮೇಲೆ ಅರಕಲಗೂಡು ಎಂದಿತ್ತು.

ಇಲ್ಲಿಯವರೆಗೆ ಆದದ್ದು ಅವಸರದ ತಪ್ಪು. ಮುಂದಿನದು ಅಲ್ಲ. ನಾನು ಆಫೀಸಿಗೆ ಹೋಗಿ ಹಾಸನದ್ದೇ ಇನ್ನೊಂದು ಪ್ರತಿ ತೆಗೆದು ಅಂಟಿಸಿ, ಅರಕಲಗೂಡಿನದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಯಾರಿಗೂ ಏನೂ ಹೇಳಲಿಲ್ಲ. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಯಾರು ಓದುತ್ತಾರೆ ಎಂದುಕೊಂಡೆ.

ಓದಿದ್ದರು. ಅರಕಲಗೂಡಿನ ಶೆಡ್ಡಿನಲ್ಲಿದ್ದ ಇಪ್ಪತ್ತೊಂದು ಹೆಂಗಸರೂ ಓದಿದ್ದರು. ಓದು ಬಾರದವರಿಗೆ ರತ್ನಮ್ಮ ಎಂಬವರು ಓದಿ ಹೇಳಿದ್ದರು. ತಲೆಬರಹದಲ್ಲಿದ್ದ ಹಾಸನವನ್ನು ಜಿಲ್ಲೆಯ ಹೆಸರೆಂದುಕೊಂಡಿದ್ದರು. ತಿಂಗಳು ಕಳೆದು ಸಂಬಳ ಬಂದಾಗ ಅಂಕಿ ಗೋಡೆಯ ಮೇಲಿದ್ದಷ್ಟು ಇರಲಿಲ್ಲ. ಹೆಂಗಸರು ಕೇಳಿದರು, ಸೂಪರ್‌ವೈಸರ್ ನಮ್ಮ ಆಫೀಸಿಗೆ ಫೋನ್ ಮಾಡಿದರು, ಫೋನ್ ಎತ್ತಿದವಳು ನಾನೇ. “ನಾನೇ ಬರ್ತೀನಿ ಸರ್,” ಎಂದೆ. ಮಾರನೆಯ ದಿನ, ಮಡಿಸಿಟ್ಟಿದ್ದ ಹಾಳೆಯನ್ನೂ ಮೈದಾ ಡಬ್ಬಿಯನ್ನೂ ಹಿಡಿದು ಹೋದೆ.

ಸೂಪರ್‌ವೈಸರ್ ಟೀಗೆ ಹೋಗಿದ್ದರು. ನನ್ನನ್ನು ನೋಡಿ ಮಿಷನ್‌ಗಳು ಒಂದೊಂದಾಗಿ ನಿಂತವು. ಕಿಟಕಿ ಪಕ್ಕದ ಮಿಷನ್ನಿನಿಂದ ನಲವತ್ತರ ಆಸುಪಾಸಿನ, ಸಣಕಲು ಮೈಯ ಹೆಂಗಸೊಬ್ಬರು ಎದ್ದು ಬಂದರು. ಅವರೇ ರತ್ನಮ್ಮ.

“ಬನ್ನಿ ಮೇಡಮ್ಮೋರೆ. ಈ ತಿಂಗ್ಳು ಮರ್ತವ್ರೆ, ಮುಂದಿನ್ ತಿಂಗ್ಳು ಸೇರ್ಸಿ ಕೊಡ್ತಾರೆ ಅಂತ ಇವ್ರಿಗೆಲ್ಲ ಯೋಳ್ತಾನೇ ಇವ್ನಿ. ಅಲ್ವಾ?”

ನಾನು ಡಬ್ಬಿಯ ಮುಚ್ಚಳ ತೆಗೆದೆ.

“ನಾನಂತೂ ಛತ್ರದ ಕೆಲ್ಸ ಬುಟ್ಬುಟ್ಟೆ ಕಣವ್ವಾ,” ಎಂದರು ಅವರು. “ಐದು ಗಂಟ್ಗೇ ಓಗಿ ಮದ್ವೆ ಪಾತ್ರೆ ಬೆಳಗ್ಬೇಕಾಗಿತ್ತು. ಐದ್ನೇ ಕ್ಲಾಸ್ ಓದೋ ಮಗಿ ಒತ್ತಾರೆ ತಾನೇ ವಾರೆವಾರೆ ಜಡೆ ಆಕ್ಕಂಡು ಓಗೋದು ಇಸ್ಕೂಲಿಗೆ. ನಿಮ್ ಪೇಪರ್ ಓದ್ದೋಳೇ ಛತ್ರದೋರಿಗೆ ಬರಕಿಲ್ಲ ಅಂದ್ಬುಟ್ಟೆ. ಈ ಒಂದ್ ತಿಂಗ್ಳು ದಿನಾ ನಾನೇ ಆಕಿವ್ನಿ, ಎಲ್ಡು ಜಡೆ, ಕೆಂಪು ಟೇಪು. ಮೇಷ್ಟ್ರೇ ಕೇಳುದ್ರಂತೆ, ಯಾರವ್ವಾ ನಿಂಗೆ ಜಡೆ ಆಕ್ದೋರು ಅಂತ.”

ಐದನೇ ಕ್ಲಾಸಿನ ಒಂದು ಹುಡುಗಿಯ ಎರಡು ಜಡೆ ನನ್ನ ಹಾಳೆಯ ಮೇಲೆ ನಿಂತಿದೆಯೆಂದು ನನಗೆ ಹೇಗೆ ಗೊತ್ತಾಗಬೇಕಿತ್ತು? ಗೊತ್ತಾಗಬೇಕಿತ್ತು. ನಾನು ನೆಲ ನೋಡಿಕೊಂಡೇ ಹೇಳಿದೆ: ಹಾಳೆ ಅದಲುಬದಲಾಗಿದೆ, ಇದು ಹಾಸನದ್ದು, ಹಾಸನ ಜಿಲ್ಲಾ ಕೇಂದ್ರ, ಅರಕಲಗೂಡು ಬೇರೆ ವಲಯ. ಕ್ಲಾಸಿನಲ್ಲಿ ಸೆಮಿನಾರ್ ಕೊಟ್ಟ ಹಾಗೆ ತಪ್ಪಿಲ್ಲದೆ ವಿವರಿಸಿದೆ.

ಹಿಂದಿನ ಸಾಲಿನಿಂದ ಯಾರೋ, “ಅಲ್ಲಿ ಮಿಷನ್ನು ಜೋರಾಗಿ ಓಡ್ತದೇನವ್ವಾ?” ಎಂದರು.

“ಹಾಸ್ನದಲ್ಲಿ ತರ್ಕಾರಿ ದುಬಾರಿ ಕಣಕ್ಕಾ,” ಎಂದಳು ಚಿಕ್ಕ ವಯಸ್ಸಿನ ಒಬ್ಬಳು, ನನ್ನ ಪರವಾಗಿ.

“ತರ್ಕಾರಿ ಇಲ್ಲಿಂದ್ಲೇ ಓಯ್ತದೆ ಕಣಮ್ಮಿ. ಬಸ್ಸಲ್ಲಿ ಓಯ್ತಾ ಓಯ್ತಾ ದುಬಾರಿ ಆಯ್ತದಾ?”

ರತ್ನಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದರು. “ಅಂಗಾರೆ ಇಲ್ಲಿ ಇದುಕ್ಕಿಂತ ಜಾಸ್ತಿ ಕೊಟ್ಬುಟ್ರೆ ನಮ್ ಸಾವ್ಕಾರ್ರುನ್ನ ಜೈಲಿಗಾಕ್ತಾರಾ?”

ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. “ಸರ್ಕಾರದ ನಿಯಮ. ಇಲ್ಲಿಗೆ ಇಷ್ಟೇ,” ಎಂದೆ.

ಅದು ಸುಳ್ಳು. ಸರ್ಕಾರ ಹೇಳುವುದು ಇದಕ್ಕಿಂತ ಕಡಿಮೆ ಕೊಡಬೇಡಿ ಎಂದು ಮಾತ್ರ. ಹೆಚ್ಚು ಕೊಡಬೇಡಿ ಎಂದು ಯಾವ ಹಾಳೆಯಲ್ಲೂ ಬರೆದಿಲ್ಲ. ಅದು ನನಗೆ ಆವತ್ತೂ ಗೊತ್ತಿತ್ತು. ಹೇಳಿದ್ದರೆ ಮಾಲೀಕರು ಕೊಟ್ಟುಬಿಡುತ್ತಿದ್ದರೆಂದಲ್ಲ. ಆದರೆ ಕೇಳುವುದಕ್ಕೆ ಒಂದು ದಾರಿ ಇದೆಯೆಂದಾದರೂ ಅವರಿಗೆ ಗೊತ್ತಾಗುತ್ತಿತ್ತು.

ಮೇಲೆಯೇ ಅಂಟಿಸಬಹುದಿತ್ತು. ಕೆಳಗಿನ ಅಂಕಿ ಕಾಣುತ್ತದೇನೋ ಎಂಬ ಭಯಕ್ಕೆ ನೀರು ಹಚ್ಚಿ ಕೀಳಲು ಹೋದೆ. ನನ್ನ ಅಂಟು ಗಟ್ಟಿಯಾಗಿತ್ತು. ಮೂಲೆ ಗೋಡೆಗೇ ಉಳಿಯಿತು. ಒದ್ದೆ ಹಾಳೆ ಕೈಯಲ್ಲಿ ಹಿಡಿದು ನಿಂತಿರುವಾಗಲೇ ಸೂಪರ್‌ವೈಸರ್ ಬಂದರು.

“ಏನಮ್ಮಾ ಇದು? ತಪ್ಪು ಪೇಪರ್ ಅಂಟ್ಸಿದ್ರಾ? ನಿಮ್ ಸಾಹೇಬ್ರಿಗೆ ಈಗ್ಲೇ ಫೋನ್ ಮಾಡ್ತೀನಿ.”

ಅಷ್ಟರಲ್ಲಿ ರತ್ನಮ್ಮ ನಮ್ಮಿಬ್ಬರ ನಡುವೆ ಬಂದು, “ಆ ಮಗಿ ಏನ್ ಮಾಡ್ತು ಬುಡಿ ಸಾ,” ಎಂದರು. “ಪೇಪರ್ ಸರ್ಯಾಗೇ ಇತ್ತು. ನಾವೇ ಓದು ಬರ್ದೋರು, ಒಂದೋಗಿ ಇನ್ನೊಂದು ಓದ್ಕಂಡೋ.”

“ಊಂ ಸಾ, ನಮ್ದೇ ತೆಪ್ಪು,” ಎಂದರು ಹಿಂದಿನಿಂದ ಇಬ್ಬರು ಮೂವರು.

ಒಂದಂಕಿ ತಪ್ಪಿಲ್ಲದೆ ಓದಿದವರು, ಓದು ಬಾರದೆಂದು ಒಪ್ಪಿಕೊಂಡು ನಿಂತರು. ಓದಿದ ನಾನು ಸುಮ್ಮನೆ ನಿಂತೆ. ಸೂಪರ್‌ವೈಸರ್‌ಗೂ ಅಷ್ಟೇ ಬೇಕಿತ್ತೋ ಏನೋ, “ಇವ್ರ ಹಣೇಬರ ಇಷ್ಟೇ,” ಎಂದು ಒಳಗೆ ಹೋದರು. ನಾನು ಸರಿಯಾದ ಹಾಳೆ ಅಂಟಿಸಿದೆ. ಸ್ಕೇಲು ತೆಗೆಯಲಿಲ್ಲ. ಬಾಗಿಲು ದಾಟುವಾಗ ರತ್ನಮ್ಮ ಪಕ್ಕದವರಿಗೆ ಮೆಲ್ಲಗೆ ಹೇಳುತ್ತಿದ್ದುದು ಕೇಳಿಸಿತು: “ಸಂಜೆ ಅಂಗೇ ಛತ್ರದ ಕಡೆ ಓಗಿ ಬತ್ತೀನಿ. ಇನ್ನೂ ಯಾರೂ ಸಿಕ್ದೆ ಇದ್ರೆ ಸಾಕು.”

ಇಂಥದ್ದನ್ನು ನಾನು ಮನೆಯಲ್ಲಿ ಹೇಳುವವಳಲ್ಲ. ಅಮ್ಮ ಪಾತ್ರೆ ತಿಕ್ಕಿ ಮೈದಾ ಬಿಡಿಸಿದರು, ಅಪ್ಪ ಏನೂ ಕೇಳಲಿಲ್ಲ. ಮುಂದಿನ ವರ್ಷ ಆ ಕೆಲಸ ಬಿಟ್ಟು ನರ್ಸಿಂಗ್ ಹೋಮಿಗೆ ಸೇರಿದೆ. ಇಲ್ಲಿ ಹಾಳೆ ಅಂಟಿಸುವ ಮೊದಲು ತಲೆಬರಹವನ್ನು ಎರಡು ಸಲ ಓದುತ್ತೇನೆ. ಅದನ್ನೇ ಪ್ರಾಯಶ್ಚಿತ್ತವೆಂದು ತಿಳಿದು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಹೋದ ವಾರ ಆ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡೇ ಅರಕಲಗೂಡಿನ ಆರು ಜನರ ಪಟ್ಟಿ ಬರೆದೆ. ಸಂಬಳದ ಕಾಲಮ್ಮಿನಲ್ಲಿ ಈ ವರ್ಷದ ಹಾಸನದ ದರ ಹಾಕಿ, ಮಧ್ಯಾಹ್ನ ಹೊರರೋಗಿಗಳ ಸರದಿ ಮುಗಿದ ಮೇಲೆ ಡಾಕ್ಟರಮ್ಮನ ರೂಮಿಗೆ ಹೋದೆ. ಅವರು ಕನ್ನಡಕ ಏರಿಸಿ ನೋಡಿದರು.

“ಹಾಸನದ ರೇಟ್ ಹಾಕಿದ್ದೀಯಲ್ಲಮ್ಮ. ತಪ್ಪು ಮಾಡೋಳಲ್ಲ ನೀನು.”

“ತಪ್ಪಲ್ಲ ಮೇಡಂ. ಅಲ್ಲಿನ ರೇಟಿಗಿಂತ ಕಡಿಮೆ ಕೊಡಬಾರದು ಅಂತ ಇರೋದು. ಜಾಸ್ತಿ ಕೊಟ್ಟರೆ ಯಾರೂ ಜೈಲಿಗೆ ಹಾಕಲ್ಲ.”

ನನ್ನ ಬಾಯಿಂದ ಅಷ್ಟುದ್ದದ ಮಾತನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು. “ಯಾರಾದ್ರೂ ಕೇಳಿದ್ರಾ?”

“ಕೇಳಿದ್ರು ಮೇಡಂ.”

“ಯಾವಾಗ?”

“ಐದು ವರ್ಷ ಆಯ್ತು.”

ಅವರು ಹೆಚ್ಚಿಗೆ ಕೇಳಲಿಲ್ಲ, ರೋಗಿಗಳ ಮುಖ ನೋಡಿ ಅಭ್ಯಾಸವಿದ್ದವರು. “ಆರೇ ಜನ ತಾನೆ. ಒಂದು ವರ್ಷ ನೋಡೋಣ. ಮುಂದಿನ ಏಪ್ರಿಲ್‌ಗೆ ನೀನೇ ಬಂದು ಮತ್ತೆ ಕೇಳಬೇಕು,” ಎಂದು ಸಹಿ ಹಾಕಿದರು.

ಮಾರನೆಯ ಬೆಳಿಗ್ಗೆ, ರತ್ನಮ್ಮ ಇನ್ನೂ ಛತ್ರಕ್ಕೆ ಬರುತ್ತಿರಬಹುದೆಂದುಕೊಂಡು, ನಾನು ಮೊದಲ ಬಸ್ಸಿಗೆ ಅರಕಲಗೂಡಿಗೆ ಹೋದೆ. ಛತ್ರದ ಹಿತ್ತಲಿನಲ್ಲಿ ಹಿಂದಿನ ದಿನದ ಮದುವೆಯ ಹಂಡೆ, ಕೊಳಗಗಳು ಬೋರಲು ಬಿದ್ದಿದ್ದವು. ರತ್ನಮ್ಮ ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡು ಕೂತಿದ್ದರು. ಕಣ್ಣು ಕಿರಿದು ಮಾಡಿ ನೋಡಿದರು.

“ಯಾರು... ಪೇಪರ್ ಅಂಟ್ಸೋ ಮಗೀನಾ?”

“ರತ್ನಮ್ಮನೋರೆ, ಅವತ್ತು ತಪ್ಪು ನನ್ನದು. ಅಂಟಿಸಿದ ದಿನ ಸಂಜೆಗೇ ನನಗೆ ಗೊತ್ತಾಗಿತ್ತು. ಒಂದು ತಿಂಗಳು ಹೇಳಲಿಲ್ಲ,” ಎಂದೆ.

“ಗೊತ್ತು ಬುಡವ್ವಾ. ನಿನ್ ಮಕದ ಮ್ಯಾಲೇ ಬರ್ದಿತ್ತಲ್ಲ,” ಎಂದು ಅವರು ಕೊಳಗ ತಿರುಗಿಸಿದರು. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟು ಒಂದು ವರ್ಷವಾಯಿತಂತೆ. ಈಗ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಛತ್ರವೇ. ಮಗಳು ಹೇಗಿದ್ದಾಳೆಂದು ಕೇಳಿದೆ.

“ಹತ್ನೇ ಕ್ಲಾಸು. ಒಂದೇ ಜಡೆ ಈಗ. ಅವ್ಳೇ ಆಕ್ಕತಾಳೆ, ನನ್ನ ಮುಟ್ಟಕೂ ಬುಡಕಿಲ್ಲ,” ಎಂದು ನಕ್ಕರು.

ಹೊಸ ಆಸ್ಪತ್ರೆಯ ವಿಷಯ ಹೇಳಿದೆ. ಕೆಲಸ ಶುರು ಒಂಬತ್ತಕ್ಕೆ, ಆರು ಜನ ಬೇಕು, ಸಂಬಳ ಹಾಸನದ್ದು. ಸಹಿಯಾದ ಹಾಳೆಯನ್ನು ಚಾಚಿದೆ. ಅವರು ಕೈ ಒರೆಸಿಕೊಳ್ಳುವುದಕ್ಕೆ ಸೆರಗು ಹಿಡಿದವರು, ಹಾಗೇ ಬಿಟ್ಟರು.

“ನಂಗೆ ಈಗ ಸಣ್ಣಕ್ಸರ ಕಾಣಕಿಲ್ಲ. ನೀನೇ ಓದು,” ಎಂದರು. “ಮ್ಯಾಲಿಂದ ಓದು. ಯಾವೂರು ಅಂತ ಮೊದ್ಲು ನೋಡ್ಕಂಡು ಓದು.”

ನಾನು ಒಂದು ಹಂಡೆಯನ್ನು ಪಕ್ಕಕ್ಕೆ ಸರಿಸಿ ಅವರ ಎದುರು ಒಗೆಯುವ ಕಲ್ಲಿನ ಮೇಲೆ ಕೂತೆ. ತಲೆಬರಹದ ಕೆಳಗೆ ಬೆರಳಿಟ್ಟು, ಮೊದಲಿನಿಂದ ಗಟ್ಟಿಯಾಗಿ ಓದಿದೆ.