ಹಾಸಿನ ಆ ತುದಿ ಹಿಡಿಯುವವರು

ದುರ್ಗಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಾಲಿಡಲು ಬೀದಿಯೇ ಇರಲಿಲ್ಲ. ಹೊಸ್ತಿಲಿನಾಚೆ, ಮೊಣಕಾಲೆತ್ತರದಲ್ಲಿ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆಯವರೆಗೂ ಕರಿ ಉಣ್ಣೆಯ ಎಳೆಗಳು ಬಿಗಿಯಾಗಿ ಹರಡಿದ್ದವು. ಒದ್ದೆಯಾಗಿ ಅಂಟಂಟಾಗಿ ಹೊಳೆಯುತ್ತಿದ್ದವು. ಎದುರು ಬದಿಯ ನಲ್ಲಿಯಲ್ಲಿ ನೀರು ಬರುವ ಹೊತ್ತು, ನನ್ನ ಕೈಯಲ್ಲಿ ಖಾಲಿ ಕೊಡ. ನಮ್ಮ ಹೊಸದುರ್ಗದ ಕಡೆ ಕುರಿ ಕೂಡುವ ರೊಪ್ಪಕ್ಕೆ ಹೋಗುವಾಗ ಅಡ್ಡ ಕಟ್ಟಿದ ಬಲೆಯನ್ನು ಎತ್ತಿ, ಬಗ್ಗಿ, ಕೆಳಗೆ ನುಸುಳುತ್ತೇವಲ್ಲ, ನಡೆಯಲು ಕಲಿತಾಗಿನಿಂದ ಬಂದ ಅಭ್ಯಾಸ ಅದು. ಕೊಡವನ್ನು ಮುಂದೆ ಉರುಳಿಸಿ, ಎರಡೂ ಕೈಯಲ್ಲಿ ಆ ಎಳೆಗಳನ್ನು ಎತ್ತಿ ಕೆಳಗಿನಿಂದ ನುಸುಳಿಬಿಟ್ಟೆ.

ಆಚೆ ಎದ್ದು ನಿಂತಾಗ ಬೀದಿಯ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ಉದ್ದನೆಯ ಬ್ರಷ್ ಹಿಡಿದಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು.

“ಏನವ್ವ ನಮ್ಮವ್ವ, ಇದೇನು ಕುರಿರೊಪ್ಪ ಅನ್ಕಂಡ್ಯಾ?”

ಆಕೆ ಗಂಗಜ್ಜಿ, ಎದುರು ಮನೆಯವಳು. ನಾನು ಎತ್ತಿದ್ದು ಅವಳ ಹಾಸು, ಅಂದರೆ ಕಂಬಳಿ ನೇಯಲು ಉದ್ದಕ್ಕೆ ಜೋಡಿಸಿದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಎಳೆದು, ಹುಣಸೆ ಬೀಜದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಬೇಕು. ಹಸಿಯಿದ್ದಾಗ ಮುಟ್ಟಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಜಡೆಯಾಗುತ್ತವೆ. ಕುರಿಯವರ ಮಗಳಾದ ನನಗೆ ಉಣ್ಣೆ ಕತ್ತರಿಸುವುದು ಗೊತ್ತು, ನೂಲುವುದು ಗೊತ್ತು. ಆ ನೂಲು ಯಾರದೋ ಬೀದಿಯಲ್ಲಿ ಹೀಗೆ ಮಲಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ನಾಚಿಕೆಯಿಂದ ಅಳು ಬಂತು.

“ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳ? ಅಳಬ್ಯಾಡ. ಬಾ, ಈ ತುದಿ ಹಿಡ್ಕ. ಒಣಗಗಂಟ ಬಿಡಬ್ಯಾಡ” ಎಂದಳು ಗಂಗಜ್ಜಿ. ಹಿಡಿದುಕೊಂಡೆ. ಅಂದು ನಮ್ಮ ಮನೆಯಲ್ಲಿ ನೀರಿಲ್ಲ, ಅಡುಗೆಯಿಲ್ಲ. ಮಧ್ಯಾಹ್ನ ಗಂಗಜ್ಜಿಯೇ ಮುದ್ದೆ, ಹುರುಳಿ ಸಾರು ಕಳಿಸಿದಳು.

ನಾವು ಬಂದದ್ದು ಹೀಗೆ. ನಮ್ಮೂರ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಕಂಬಗಳು ನಿಂತು ಮೇಯಿಸುವ ಜಾಗಕ್ಕೆ ಬೇಲಿ ಬಿದ್ದ ಮೇಲೆ ಕುರಿ ಮಾರಿದೆವು. ನನ್ನ ಯಜಮಾನರು ತಿಪ್ಪೇಶಪ್ಪನವರ ಸೋದರತ್ತೆ ದುರ್ಗದ ಕೋಟೆಯ ಕೆಳಗಿನ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿದ್ದು, ನೆಲ ಅಗೆದು ಹೂಡಿದ ಗುಂಡಿಮಗ್ಗದಲ್ಲಿ ನೇಯುತ್ತಿದ್ದಳು. ಅವಳು ತೀರಿಕೊಂಡಾಗ ಮನೆಯ ಓನರ್ ಬಸಣ್ಣ, “ಮಗ್ಗ ಐತೆ, ಬಂದಿರ್ರಿ” ಎಂದ. ಬಂದೆವು, ನೇಯುವುದನ್ನು ಬೀದಿಯವರಿಂದಲೇ ಕಲಿತೆವು.

ನಮ್ಮೂರಲ್ಲಿ ಮನೆಮನೆಯ ನಡುವೆ ಒಂದು ತೆಂಗಿನ ಮರದಷ್ಟಾದರೂ ಜಾಗ. ಇಲ್ಲಿ ಗೋಡೆ ಒಂದೇ, ಮನೆ ಎರಡು. ಪಕ್ಕದವರ ಒಗ್ಗರಣೆ ಸಿಡಿದರೆ ನನಗೆ ಸೀನು ಬರುತ್ತಿತ್ತು. ಮೊದಲ ತಿಂಗಳು ಉಸಿರು ಕಟ್ಟಿದಂತಾಗಿ, ವಾಪಸ್ ಹೋಗೋಣ ಎಂದು ಯಜಮಾನರ ತಲೆ ತಿಂದೆ. ಅಲ್ಲಿ ಒಂಟಿಯಾಗಿರಬೇಕೆಂದರೆ ಗುಡ್ಡ ಹತ್ತಿದರಾಯಿತು. ಇಲ್ಲಿ ಸಂಜೆ ಮಂಡಕ್ಕಿ ಮೆಣಸಿನಕಾಯಿ ತರಲು ಹೊರಟರೂ ಜಗಲಿಯಿಂದ ಜಗಲಿಗೆ ಉತ್ತರ ಹೇಳುತ್ತಾ ಹೋಗಬೇಕು. ಆದರೆ ಆ ಬೀದಿಯಲ್ಲಿ ನಮ್ಮ ಹೊಲಗಳ ಮುಯ್ಯಿ ಇತ್ತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎನ್ನುವ ಅದೇ ಲೆಕ್ಕ. ಯಾರ ಹಾಸು ಬೀದಿಗೆ ಬಂದರೂ ಎಲ್ಲ ಮನೆಯಿಂದಲೂ ಒಬ್ಬೊಬ್ಬರು ಬರಬೇಕು. ತುದಿ ಹಿಡಿಯಲು ಇಬ್ಬರು, ಗಂಜಿ ಬಳಿಯಲು ಒಬ್ಬರು, ಅಂಟಿದ ಎಳೆ ಬಿಡಿಸಲು ಉಳಿದವರು. ಸ್ಕೂಟರಿನವನು ಬಂದರೂ ಸುತ್ತಿ ಹೋಗುತ್ತಿದ್ದ. ನಮ್ಮ ಮೊದಲ ಹಾಸು ಬೀದಿಗೆ ಬಂದ ದಿನ ಕರೆಯದೆಯೇ ಗಂಗಜ್ಜಿ ಬಂದು ಆ ತುದಿ ಹಿಡಿದಳು. ಅಂದಿನಿಂದ ನಾನು ವಾಪಸ್ ಹೋಗುವ ಮಾತೆತ್ತಲಿಲ್ಲ.

ಬೀದಿ ಬದಲಾದದ್ದು ನಮಗೆ ಮೊದಲು ಒಳ್ಳೆಯ ರೀತಿಯಲ್ಲೇ ಕಂಡಿತು. ಸುಳ್ಳು ಏಕೆ ಹೇಳಲಿ? ತೆರೆದ ಚರಂಡಿಗೆ ಚಪ್ಪಡಿ ಬಿತ್ತು. ಸೊಳ್ಳೆ ಕಡಿಮೆಯಾಯಿತು. ದೀಪ ಬಂದವು, ನನ್ನ ಮಗಳು ಟ್ಯೂಷನ್ ಮುಗಿಸಿ ಒಬ್ಬಳೇ ಬರುವಂತಾಯಿತು. ಮನೆಯೊಳಗೇ ನಲ್ಲಿ. ಕೋಟೆ ನೋಡಲು ಬಂದವರು ಬೀದಿಗೂ ಇಣುಕತೊಡಗಿದರು, ಸಂತೆಯಲ್ಲಿ ಕೇಳುವವರಿಲ್ಲದ ಕಂಬಳಿಯನ್ನು ಬಾಗಿಲಲ್ಲೇ ಕೊಂಡು ಹೋದರು. ಊರಿಗೆ ಹೋದಾಗ ಅಕ್ಕನ ಮುಂದೆ ಜಂಬ ಕೊಚ್ಚಿಕೊಂಡೆ: “ನಮ್ ಬೀದಿ ನೋಡ್ಬೇಕು ನೀನು, ಫೋಟೊ ತೆಗೆಯಾಕೆ ಜನ ಬರ್ತಾರೆ.”

ಆಮೇಲೆ ಬೆಂಗಳೂರಿನಿಂದ ನಿಖಿಲ್ ಎಂಬ ಹುಡುಗ ಬಂದು ಮೂಲೆಯ ಎರಡು ಮನೆ ಕೊಂಡು ಹೋಂಸ್ಟೇ ಮಾಡಿದ. ಕೆಟ್ಟವನಲ್ಲ. ಹಿರಿಯರಿಗೆ ಕೈ ಮುಗಿಯುತ್ತಿದ್ದ, ಗಂಗಜ್ಜಿಯ ಕಣ್ಣಿನ ಆಪರೇಷನ್ನಿಗೆ ತನ್ನ ಕಾರಿನಲ್ಲೇ ಕರೆದುಕೊಂಡು ಹೋಗಿದ್ದ. ಅವನಿಗೆ ನಿಜಕ್ಕೂ ನಮ್ಮ ಬೀದಿ ಇಷ್ಟವಾಗಿತ್ತು, ಅದೇ ತೊಂದರೆಯಾದದ್ದು. ಅವನಂತೆ ಇಷ್ಟಪಟ್ಟು ಇನ್ನೂ ಇಬ್ಬರು ಬಂದರು. ಬಾಡಿಗೆ ಏರಿತು. ಹುಣಸೆ ಗಂಜಿ ಕುದಿಸಿದರೆ ವಾಸನೆ ಎಂದರು ಗೆಸ್ಟುಗಳು. “ಕಂಬಳೀಲಿ ಕೂಳು ಕಟ್ಕಂಡು ಕೂದ್ಲು ಬಂತು ಅಂದ್ರೆ ಹೆಂಗಪ್ಪ?” ಎಂದು ಗಂಗಜ್ಜಿ ನಕ್ಕಳು. ಬೀದಿಯ ಎರಡೂ ಬದಿಗೆ ಕಾರು ನಿಲ್ಲತೊಡಗಿದವು. ಹಾಸು ಎಳೆಯಲು ಕಾರಿಲ್ಲದ ದಿನ ಕಾಯಬೇಕಾಯಿತು. ಬೀದಿ ಹೋದರೆ ಕಸುಬು ಹೋಯಿತು ಎಂದು ನಮಗೆಲ್ಲ ಗೊತ್ತಿತ್ತು, ಆದರೆ ಯಾರ ಮೇಲೆ ಸಿಟ್ಟಾಗಬೇಕು ಎಂಬುದು ಗೊತ್ತಾಗಲಿಲ್ಲ.

ಒಂದು ಭಾನುವಾರ ಗಂಗಜ್ಜಿಯ ಹಾಸು ಬೀದಿಯಲ್ಲಿತ್ತು. ಗಂಜಿ ಬಳಿದು ಮುಗಿದಿತ್ತಷ್ಟೆ. ಹೋಂಸ್ಟೇಯ ಗೆಸ್ಟ್ ಒಬ್ಬರ ಕಾರು ಒಳಗೆ ಸಿಕ್ಕಿಕೊಂಡಿತ್ತು, ಹಿಂದೆ ಬೇರೆ ಕಾರುಗಳು. ಡ್ರೈವರ್ ಹಾರ್ನ್ ಹೊಡೆದ. ನಾವು ಅಲ್ಲಾಡಲಿಲ್ಲ. ಮತ್ತೆ ಹೊಡೆದ. ನಿಖಿಲ್ ಓಡಿ ಬಂದ.

“ಅಜ್ಜಿ, ಅವರು ಟ್ರೈನ್‌ಗೆ ಹೋಗಬೇಕು. ಒಂದೈದು ನಿಮಿಷ ಎತ್ತಿದ್ರೆ ಆಗಲ್ವಾ?”

“ಎತ್ತಿದ್ರೆ ಕೆಡ್ತೈತಪ್ಪ. ಒಣಗ್ಲಿ.”

“ಕಾರಲ್ಲಿ ಮಗು ಇದೆ ಅಜ್ಜಿ, ಅಳ್ತಿದೆ. ಇನ್ಮೇಲೆ ನಾವೇ ಒಂದು ಟೈಮ್ ಮಾಡೋಣ. ಭಾನುವಾರ ಗೆಸ್ಟ್‌ಗಳು ತಿಂಡಿ ತಿಂದ ಮೇಲೆ ಹಾಕಿ. ಎಲ್ಲರೂ ನೋಡ್ತಾರೆ, ನಿಮಗೂ ಏನಾದ್ರೂ ಸಿಗುತ್ತೆ.”

ಗಂಗಜ್ಜಿ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ನಾನೂ ಸೆರಗು ಸಿಕ್ಕಿಸಿಕೊಂಡಿದ್ದೆ. ಅವಳು ಕಾರಿನ ಕಡೆ ನೋಡಿದಳು, ನಿಖಿಲ್‌ನ ಕಡೆ ನೋಡಿದಳು. ಆಪರೇಷನ್ ಆದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡಳು.

“ಎತ್ರವ್ವ” ಎಂದಳು.

ನಾವು ಎಂಟು ಜನ ಹೆಂಗಸರು ಆ ಹಸಿ ಹಾಸನ್ನು ತಲೆಯ ಮೇಲೆ ಕೈಚಾಚಿ ಎತ್ತಿ ಹಿಡಿದೆವು. ಗಂಜಿ ನಮ್ಮ ಮೊಣಕೈಗೆ, ಕುಪ್ಪಸಕ್ಕೆ ಇಳಿಯಿತು. ಬಿಳಿ ಕಾರು ಕೆಳಗಿನಿಂದ ನಿಧಾನಕ್ಕೆ ನುಸುಳಿ ಹೋಯಿತು. ಒಳಗಿದ್ದ ಹೆಂಗಸು ಕಿಟಕಿ ಇಳಿಸಿ, “ಸೋ ಬ್ಯೂಟಿಫುಲ್” ಎಂದು ಫೋನಿನಲ್ಲಿ ಹಿಡಿದುಕೊಂಡಳು. ಮೊದಲ ದಿನ ನುಸುಳಿದ ನನಗೆ ತುದಿ ಹಿಡಿಯುವ ಶಿಕ್ಷೆಯಾಗಿತ್ತು. ಈ ಕಾರಿಗೆ ಏನು ಹೇಳುವುದು? ಹಾಸು ಇಳಿಸಿದಾಗ ಎಳೆಗಳೆಲ್ಲ ಜಡೆಯಾಗಿದ್ದವು. ಸಂಜೆಯವರೆಗೂ ಕೂತು ಬಿಡಿಸಿದೆವು, ಆಗಲಿಲ್ಲ. ಗಂಗಜ್ಜಿ ಅದನ್ನು ಸುತ್ತಿ ಒಲೆಯ ಪಕ್ಕ ಇಟ್ಟಳು.

ಮುಂದಿನ ಭಾನುವಾರ ಅವಳ ಬಾಗಿಲು ತೆರೆಯಲಿಲ್ಲ. ಹಿರಿಯೂರಿನಿಂದ ಮಗಳು ಬಂದು ಕರೆದುಕೊಂಡು ಹೋಗಿದ್ದಳು.

ನಮ್ಮ ಸರದಿಯೂ ಬಂತು. ಓನರ್ ಬಸಣ್ಣ ಮುಖ ಕೊಟ್ಟು ಮಾತಾಡಲಾರದೆ ಗೋಡೆ ನೋಡುತ್ತಾ ಹೇಳಿದ: “ಆ ಹೋಂಸ್ಟೇ ಹುಡುಗ ಮನೆ ಕೇಳ್ತಾನೆ ತಿಪ್ಪೇಶಪ್ಪ. ನಾನಾದ್ರೂ ಏನ್ ಮಾಡ್ಲಿ, ನನ್ಗೂ ಮಕ್ಳು ಅವೆ.” ಯಜಮಾನರು ಎದುರಾಡಲಿಲ್ಲ. ಅವರು ಹೀಗೇ, ಗುಡ್ಡಕ್ಕೆ ಬೇಲಿ ಬಿದ್ದಾಗಲೂ ಬಾಯಿ ತೆರೆದವರಲ್ಲ. ನಾನೊಬ್ಬಳೇ ಕೂಗಾಡಿ, ಬಸಣ್ಣನ ಕಾಫಿ ಲೋಟವನ್ನು ಕುಕ್ಕಿ, ಒಳಗೆ ಹೋಗಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅತ್ತೆ.

ಈಗ ಇರುವುದು ಹೊಳಲ್ಕೆರೆ ರಸ್ತೆಯ ಕಡೆಯ ಹೊಸ ಲೇಔಟಿನಲ್ಲಿ. ಟೈಲ್ಸ್ ನೆಲ, ಅಗೆಯುವ ಹಾಗಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೊಸ ಗುಂಡಿ ತೋಡಿದ್ದೇವೆ. ಹಳೆಯ ಮನೆಯ ಗುಂಡಿಗೆ ನಿಖಿಲ್ ಸುತ್ತ ದೀಪ ಹಾಕಿಸಿದ್ದಾನೆ. ಗೆಸ್ಟುಗಳಿಗೆ ಅಲ್ಲಿ ಕೂತು ನೇಯ್ದು ತೋರಿಸಲು ಒಬ್ಬರು ಬೇಕಿತ್ತು. ನಮ್ಮ ಯಜಮಾನರೇ ಈಗ ದಿನಾ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಾರೆ. ತಮ್ಮ ಮನೆಯಲ್ಲೇ ಚಪ್ಪಲಿ ಹೊರಗೆ ಬಿಟ್ಟು, ಕೇಳಿ ಒಳಗೆ ಹೋಗಿ, ಸಂಜೆ ವಾಪಸ್ ಬರುತ್ತಾರೆ.

ಊರಿಗೆ ಹೋದರೆ “ದುರ್ಗದೋಳು ಬಂದ್ಲು” ಎನ್ನುತ್ತಾರೆ. ಬೀದಿಯಲ್ಲಿ ಗಂಗಜ್ಜಿ ಕೊನೆಯವರೆಗೂ ನನ್ನನ್ನು “ಹೊಸದುರ್ಗದೋಳೇ” ಎಂದೇ ಕರೆದಳು. ಇಲ್ಲಿ ನನ್ನನ್ನು ಯಾರೂ ಯಾವ ಊರಿನವಳೆಂದೂ ಕರೆಯುವುದಿಲ್ಲ, ಗೇಟಿನೊಳಗಿನಿಂದ ನೋಡಿ ನಗುತ್ತಾರೆ, ಗೇಟು ಹಾಕಿಕೊಳ್ಳುತ್ತಾರೆ. ರಸ್ತೆ ಮಾತ್ರ ನೇರ, ಅಗಲ, ಖಾಲಿ. ಹತ್ತು ಹಾಸು ಎಳೆದರೂ ಅಡ್ಡ ಬರುವವರಿಲ್ಲ. ದಾಟಬ್ಯಾಡ್ರಿ ಎಂದು ಕೂಗಲು ದಾಟುವವರೇ ಇಲ್ಲ.

ಮೊನ್ನೆ ಇಲ್ಲಿ ಮೊದಲ ಬಾರಿಗೆ ಹಾಸು ಎಳೆದೆ. ಗಂಜಿ ಬಳಿಯುತ್ತಿರುವಾಗ ಗಂಗಜ್ಜಿಯ ಫೋನು ಬಂತು. ಅವಳ ಮಗಳ ಮನೆ ಹೈವೇ ಪಕ್ಕದ ಮಹಡಿಯ ಮೇಲೆ, ಹಿಂದೆ ಬಸ್ಸಿನ ಸದ್ದು.

“ಏನ್ ಮಾಡ್ತಿದ್ಯೇ ಹೊಸದುರ್ಗದೋಳೇ?”

“ಹಾಸು ಎಳ್ದೀನಜ್ಜಿ.”

“ಆ ತುದಿ ಯಾರು ಹಿಡ್ಕಂಡವ್ರೆ?”

“ಕರೆಂಟ್ ಕಂಬಕ್ಕೆ ಕಟ್ಟೀನಿ.”

“ಒಳ್ಳೇದಾತು ಬಿಡು” ಎಂದಳು. “ಕಂಬ ಮುಯ್ಯಿ ಕೇಳಾಕಿಲ್ಲ.”

ಫೋನನ್ನು ಜಗಲಿಯ ಮೇಲಿಟ್ಟು, ಅಂಟಿದ ಎಳೆ ಬಿಡಿಸಲು ಹೋದೆ.