ಮುತ್ಯಾ ಮತ್ತು ಬಲಮನೆಯ ಶಂಖ

ಬಡಿಗೆಯಿಂದ ಯಾರದಾದರೂ ತಲೆ ಒಡೆಯಬಹುದಿತ್ತು. ಓಣಿ ಎರಡು ಪಾಲಾಗಬಹುದಿತ್ತು. ಪೊಲೀಸರು ಬಂದು ನನ್ನನ್ನು ಸಾಕ್ಷಿ ಮಾಡಬಹುದಿತ್ತು. ಕಲ್ಲು ತೂರಾಟವಾದರೆ, ನಡುವಿನ ಮನೆ ನಮ್ಮದೇ ಆದ್ದರಿಂದ, ಎರಡೂ ಕಡೆಯ ಕಲ್ಲು ನಮ್ಮ ತಗಡಿನ ಮೇಲೇ ಬೀಳಬಹುದಿತ್ತು. ಮೊನ್ನೆ ಮಸ್ಕಿಯ ಅಂಗಡಿಯಲ್ಲಿ ಸಾಸಿವೆ ಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ಈ ಭಯಗಳೆಲ್ಲ ಒಮ್ಮೆಲೇ ಎದ್ದು ಬಂದವು, ಇಷ್ಟು ವರ್ಷ ಬಾಗಿಲ ಮರೆಯಲ್ಲೇ ಕಾಯುತ್ತಿದ್ದಂತೆ...

ಎಂಬತ್ತರ ದಶಕದ ಕೊನೆ. ಮದುವೆಯಾಗಿ ಲಿಂಗಸುಗೂರಿನಿಂದ ಸಿಂಧನೂರಿಗೆ ಬಂದ ಹೊಸತು. ನಮ್ಮ ಎಡಕ್ಕೆ ಮುತ್ಯಾನ ಮನೆ. ಕಾಲುವೆಯ ಗೇಟು ಕಾದು ನಿವೃತ್ತನಾದ ಒಂಟಿ ಮುದುಕ. ಓಣಿಯ ಕೋಳಿಗಳನ್ನೂ ಬೈಯದೆ ಬಿಟ್ಟವನಲ್ಲ. ಬಲಕ್ಕೆ ಬಂಗಾಲಿ ದಂಪತಿ, ಊರಾಚೆಯ ನಿರಾಶ್ರಿತರ ಕ್ಯಾಂಪಿನಿಂದ ಬಾಡಿಗೆಗೆ ಬಂದವರು. ಗಂಡ ದರ್ಜಿ. ಹೆಂಡತಿ ದಿನವೂ ಸಂಜೆ ದೀಪ ಹಚ್ಚಿ ಶಂಖ ಊದುತ್ತಿದ್ದಳು. ಅವರಲ್ಲಿ ಅದು ಶುಭ. ನಮ್ಮ ಓಣಿಯಲ್ಲಿ ಮಾತ್ರ ಶಂಖ ಊದುವುದು ದಾಸಯ್ಯ, ಅದೂ ಹೆಣ ಎತ್ತುವಾಗ. ಮೊದಲ ಸಂಜೆ ಗಂಡಸರು ಹೆಗಲಿಗೆ ಟವೆಲ್ಲು ಹಾಕಿಕೊಂಡು, ಹೋದವನು ಎಲ್ಲರಿಗಿಂತ ಹಿರಿಯನೇ ಇರಬೇಕೆಂದು ನೇರ ಮುತ್ಯಾನ ಬಾಗಿಲಿಗೇ ಹೋಗಿ ನಿಂತರು. ಬಾಗಿಲು ತೆರೆದವನು ಮುತ್ಯಾನೇ.

ಒಂದು ವಾರ ತಡೆದ. ಆಮೇಲೆ ಬಡಿಗೆ ಹಿಡಿದು ಹೊರಟ. ನಾನೂ ಹಿಂದೆ ಓಡಿದೆ. ಜಗಳ ಬಿಡಿಸಲಿಕ್ಕಲ್ಲ, ಒಬ್ಬಳೇ ಮನೆಯಲ್ಲಿರಲು ಹೆದರಿ.

“ದಿನಾ ಯಾರನ್ನ ಕಳಿಸಾಕತ್ತೀರಿ? ನಾ ಇನ್ನಾ ಸತ್ತಿಲ್ಲಬೇ,” ಎಂದು ಅವರ ಹೊಸ್ತಿಲಿಗೆ ಬಡಿಗೆ ಕುಟ್ಟಿದ.

ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ದೀಪದ ಹೊತ್ತಿಗೆ ಮನೆಗೆ ಬಂದ ಹಿರಿಯ ಎಂದುಕೊಂಡು ಮಣೆ ಹಾಕಿ, ಸಾಸಿವೆ ಎಣ್ಣೆ ಕಲೆಸಿದ ಮಂಡಕ್ಕಿಯ ತಟ್ಟೆ ಮುಂದಿಟ್ಟಳು. ತಟ್ಟೆ ಒದ್ದರೆ? ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮುತ್ಯಾ ಒಂದು ಹಿಡಿ ಬಾಯಿಗೆ ಹಾಕಿದ. ಘಾಟಿಗೆ ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತು ಅಗಿದ.

“ಎಣ್ಣಿ ಸುಡಗಾಡು. ಮಂಡಾಳ ನಮ್ಮದ ಐತಿ,” ಎಂದು ಕೂತೇಬಿಟ್ಟ. “ಒಂದು ಉಳ್ಳಾಗಡ್ಡಿ ಕೊಡವಾ.” ಆಮೇಲೆ ನನ್ನ ಕಡೆ ತಿರುಗಿ, “ನೀ ಯಾಕ ನಡುಗಾಕತ್ತಿ? ಬಾ, ನೀನೂ ತಿನ್ನು.”

ಅಲ್ಲಿಂದ ಮುಂದೆ ಮುತ್ಯಾನ ಸಂಜೆಗಳೆಲ್ಲ ಬಲಮನೆಯಲ್ಲೇ. ಶಂಖ ತಡವಾದರೆ ಅದಕ್ಕೂ ಬೈಯುತ್ತಿದ್ದ. “ನಾ ಹೋದಾಗ ದಾಸಯ್ಯ ಬ್ಯಾಡ, ನೀನ ಊದು,” ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಓಣಿ ಆ ಸದ್ದಿಗೆ ಒಗ್ಗಿತು. ನಾನು ಒಗ್ಗಲಿಲ್ಲ. ವರ್ಷಗಟ್ಟಲೆ, ಶಂಖ ಕೇಳಿದೊಡನೆ ಒಲೆ ಬಿಟ್ಟು ಓಡಿ, ಬಲಮನೆಯ ಬಾಗಿಲಲ್ಲಿ ನಿಂತು ಮುತ್ಯಾನ ಉಸಿರು ನೋಡಿ ಬರುತ್ತಿದ್ದೆ.

“ಬಂದಳು ನೋಡು, ಹೆಣಾ ಎಣಿಸಾಕಿ,” ಎನ್ನುತ್ತಿದ್ದ, ಬಾಯಿತುಂಬ ಮಂಡಕ್ಕಿ...

ತೊಂಬತ್ತರ ದಶಕದ ಒಂದು ಸಂಜೆ, ಆ ತಟ್ಟೆಯ ಮುಂದೆಯೇ ಮುತ್ಯಾ ಗೋಡೆಗೆ ಒರಗಿ ತೀರಿಕೊಂಡ. ಅವಳು ಕೊಟ್ಟ ಮಾತಿನಂತೆ ಶಂಖ ಊದಿದಳು. ದೀಪದ ಹೊತ್ತೇ ಆಗಿತ್ತು. ಯಾರೂ ಹೊರಗೆ ಬರಲಿಲ್ಲ. ಮತ್ತೆ ಊದಿದಳು...

ಬಂಗಾಲಿ ದಂಪತಿ ಎಂದೋ ಕ್ಯಾಂಪಿಗೆ ಮರಳಿದರು. ನಮ್ಮ ಓಣಿಯಲ್ಲಿ ಈಗ ಸಂಜೆಗೆ ಟಿವಿಯ ಸದ್ದು. ಮಸ್ಕಿಯಿಂದ ಒಂದು ಸಣ್ಣ ಶೀಶೆ ಸಾಸಿವೆ ಎಣ್ಣೆ ತಂದಿದ್ದೇನೆ. ಸೋರೀತೆಂದು ಬಸ್ಸಿನುದ್ದಕ್ಕೂ ಮುಚ್ಚಳ ಒತ್ತಿ ಹಿಡಿದಿದ್ದೆ.

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಯಾರ ತಲೆಯೂ ಒಡೆಯಲಿಲ್ಲ, ನಮ್ಮ ತಗಡೂ ಉಳಿಯಿತು. ಆದದ್ದು ಇಷ್ಟೇ: ಮುತ್ಯಾ ತೀರಿಕೊಂಡ ಆ ಸಂಜೆ, ಶಂಖ ಕೇಳಿದಾಗ, ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಇವತ್ತೊಂದು ದಿನ ಇರಲಿ ಅಂದುಕೊಂಡು, ನಾನು ಓಡಲಿಲ್ಲ.