ಆಕಾಶದ ಕ್ಯೂ ಮುರಿದವಳು

ನನ್ನ ಅಕ್ಕನಿಗೆ ಕಚೇರಿಯವರು ಇಟ್ಟ ಅಡ್ಡಹೆಸರು 'ತಣ್ಣೀರು'. ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಪೈಲಟ್‌ಗಳಿಗೆ ದಾರಿ ಹೇಳಿದಳು. ಒಂದು ದಿನವೂ ದನಿ ಏರಿಸಿದವಳಲ್ಲ. ಮನೆಯಲ್ಲೂ ಅಷ್ಟೇ. ಅವಳ ಪಾಲಿನ ಸಿಟ್ಟೂ ನನಗೇ ಬಂದಿದೆ. ನಾನು ಟೈಲರ್. ಅವಳಿಗಾದದ್ದು ನೆನಪಾದ ದಿನ ನಾನು ಹೊಲಿದ ಕಾಲರ್ ಯಾವುದೂ ನೆಟ್ಟಗಿರುವುದಿಲ್ಲ.

ಅವತ್ತು ಮಧ್ಯಾಹ್ನ ಇಳಿಯಲು ಆರು ವಿಮಾನಗಳು ಸಾಲುಗಟ್ಟಿದ್ದವು. ಕೊನೆಯ ವಿಮಾನದ ಪೈಲಟ್, ಪ್ರಯಾಣಿಕರೊಬ್ಬರಿಗೆ ಎದೆನೋವು, ಸ್ವಲ್ಪ ಬೇಗ ಇಳಿಸಿದರೆ ಒಳ್ಳೆಯದು ಎಂದ.

"ಎಮರ್ಜೆನ್ಸಿ ಅಂತ ಘೋಷಿಸ್ತೀರಾ?" ಅಕ್ಕ ಕೇಳಿದಳು.

"ಸದ್ಯಕ್ಕೆ ಬೇಡ."

ಮತ್ತೆ ಕೇಳಿದಳು. ಅದೇ ಉತ್ತರ. ಘೋಷಿಸಿದರೆ ಇಳಿದ ಮೇಲೆ ಅವನು ವಾರಗಟ್ಟಲೆ ವಿವರಣೆ ಬರೆಯಬೇಕು, ಅವನ ಕಂಪನಿಗೆ ಅದು ಆಗಿಬರುವುದಿಲ್ಲ. ಇತ್ತ ಅಕ್ಕನ ಕಚೇರಿಯ ದೊಡ್ಡ ಸಾಹೇಬರು ಒಂದು ಸುತ್ತೋಲೆ ಹೊರಡಿಸಿದ್ದರು: ಪೈಲಟ್ ಘೋಷಿಸದ ಹೊರತು ಯಾವ ವಿಮಾನವನ್ನೂ ಸಾಲು ದಾಟಿಸಕೂಡದು. ಇಬ್ಬರು ಕಾಗದಕ್ಕೆ ಹೆದರಿದರೆ ನಡುವೆ ಒಬ್ಬನ ಎದೆ ನಿಂತುಹೋಗಬೇಕು, ಎಂಥ ಚಂದ!

ಅಕ್ಕ ಇಳಿಯಬೇಕಾದ ಎತ್ತರ ಹೇಳಿದಳು. ಹೇಳಿದ್ದನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ಅವನು ಎರಡು ಸಲವೂ ತಪ್ಪು ಅಂಕಿ ಹೇಳಿದ. ಇಪ್ಪತ್ತೆರಡು ವರ್ಷ ಹೆಡ್‌ಫೋನ್ ಹಾಕಿದ ಕಿವಿಗೆ ಅಷ್ಟು ಸಾಕಾಯಿತು. ಒಳಗೆ ಪರಿಸ್ಥಿತಿ ಕೈಮೀರಿದೆ ಎಂದು ಅವಳಿಗೆ ಗೊತ್ತಾಯಿತು. ಮುಂದಿದ್ದ ಐದನ್ನೂ ಮೇಲೆಯೇ ಸುತ್ತು ಹಾಕಲು ಹೇಳಿ, ಅವನನ್ನು ನೇರ ರನ್‌ವೇಗೆ ಕರೆದಳು. ವಿಮಾನ ನಿಲ್ಲುವ ಜಾಗಕ್ಕೆ ಆಂಬುಲೆನ್ಸ್ ಮೊದಲೇ ಬಂದಿತ್ತು. ರೋಗಿ ಬದುಕಿದ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು.

ಮೇಲೆ ಸುತ್ತು ಹಾಕಿದ ಐದರಲ್ಲಿ ಒಂದರೊಳಗೆ ದೊಡ್ಡ ಸಾಹೇಬರೇ ಕೂತಿದ್ದರು.

ಮರುದಿನವೇ ನೋಟಿಸ್ ಬಂತು. ತಪ್ಪಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಟ್ಟರೆ ಮೈಕಿನ ಮುಂದಿನ ಕುರ್ಚಿ ಉಳಿಯುತ್ತದೆ. ಇಲ್ಲವಾದರೆ ನೆಲಮಹಡಿಯ ದಾಖಲೆ ಕೋಣೆ.

"ಎರಡು ಸಾಲು ತಾನೇ, ಬರ್ದು ಬಿಸಾಕಕ್ಕ," ಎಂದೆ.

"ಬರೆದ್ರೆ ಮುಂದಿನ ಸಲ ನನ್ನ ಕೈ ತಡೆಯತ್ತೆ ಕಣೋ."

ಬರೆಯಲಿಲ್ಲ. ಕಡತಗಳ ನಡುವೆ ಹೋಗಿ ಕೂತಳು. ಆ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಗೋಡೆ. ವಿಮಾನದ ಸದ್ದು ಮಾತ್ರ ಕೇಳುತ್ತದೆ. ಬದುಕಿದವನ ಮನೆಯವರು ಹೂಗುಚ್ಛ ಕಳಿಸಿದ್ದು ವಿಮಾನ ಕಂಪನಿಗೆ. ಕಂಪನಿ ತನ್ನ ಪತ್ರಿಕೆಯಲ್ಲಿ ಪೈಲಟನ ಫೋಟೋ ಹಾಕಿತು. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ, "ಹಲ್ಲು ಚೆನ್ನಾಗಿದೆ ಅವನದು," ಎಂದು ನಕ್ಕಳು.

ಏಳು ತಿಂಗಳ ಮೇಲೆ ಅಂಥದ್ದೇ ಇನ್ನೊಂದು ವಿಮಾನ ಬಂತು. ಮಹಿಳೆಯೊಬ್ಬರಿಗೆ ಪ್ರಜ್ಞೆ ತಪ್ಪಿದೆ, ಬೇಗ ಇಳಿಸಿ ಎಂದ ಪೈಲಟ್. ಅಕ್ಕನ ಕುರ್ಚಿಯಲ್ಲಿ ಈಗ ಅವಳಿಂದಲೇ ಕೆಲಸ ಕಲಿತವಳು ಕೂತಿದ್ದಳು. ಘೋಷಿಸುತ್ತೀರಾ ಎಂದು ಮೂರು ಸಲ ಕೇಳಿದಳು. ಅವನು ಹೂಂ ಎನ್ನಲಿಲ್ಲ. ಸಾಲು ಸಾಲಾಗಿಯೇ ಉಳಿಯಿತು. ಹತ್ತೊಂಬತ್ತು ನಿಮಿಷದ ಮೇಲೆ ಇಳಿದಾಗ ಆ ಹೆಂಗಸಿನ ಜೀವ ಹೋಗಿತ್ತು.

ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ ಎಂದು ವರದಿಯಾಯಿತು. ನಿಯಮ ಪಾಲಿಸಿದವಳಿಗೆ ಸಾಹೇಬರು ಮೆಚ್ಚುಗೆ ಪತ್ರ ಕೊಟ್ಟರು! ಅದಕ್ಕೆ ಮೊಹರು ಒತ್ತಿ ಕಳಿಸಬೇಕಾದವಳು ದಾಖಲೆ ಕೋಣೆಯ ನಮ್ಮಕ್ಕ. ಒತ್ತಿ ಕಳಿಸಿದಳು.

ಆ ಭಾನುವಾರ ಅಕ್ಕನನ್ನು ಕಾಣಲು, ಮೆಚ್ಚುಗೆ ಪಡೆದ ಆ ಶಿಷ್ಯೆ ನಮ್ಮ ಮನೆಗೆ ಬಂದಳು. ಪತ್ರವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಕೊಟ್ಟ ಟೀ ಮುಟ್ಟದೆ ಕೂತಳು. ಬಂದವಳಿಗೆ ನಾಲ್ಕು ಮಾತು ಬಿಸಿಯಾಗಿಯೇ ಹೇಳಬೇಕೆಂದು ನಾನು ಕಾದಿದ್ದೆ.

"ಆ ಪೈಲಟ್ ದನಿ ಕೇಳಿದ ತಕ್ಷಣ ನನಗೂ ಗೊತ್ತಾಯ್ತು ಮೇಡಂ," ಎಂದಳು ಅಕ್ಕನಿಗೆ. "ಉಳಿದವ್ರನ್ನ ತಡೆಯೋಕೆ ಮೈಕ್ ಬಟನ್ ಮೇಲೆ ಬೆರಳೂ ಇಟ್ಟಿದ್ದೆ. ಆಗ ನೀವು ಕೆಳಗೆ ಕೂತಿರೋದು ನೆನಪಾಯ್ತು."

ಆರಿಹೋದ ಅವಳ ಟೀ ಎತ್ತಿಕೊಂಡು ಹೋಗಿ ನಾನು ಮತ್ತೆ ಬಿಸಿಗಿಟ್ಟೆ.